ಡ್ಯೂಟಿ ಮುಗಿದ ಮೇಲೂ ಲೊಕೇಶನ್ ಯಾಕೆ?

ಕಂಪನಿಗಳು ನೌಕರರಿಗೆ ಕೊಡುವ ಫೋನ್‌ಗಳನ್ನು ಸಿದ್ಧಮಾಡುವುದು ನನ್ನ ಕೆಲಸ. ಯಾವ ಆ್ಯಪ್ ಇರಬೇಕು, ಯಾವುದಕ್ಕೆ ಎಷ್ಟು ಅನುಮತಿ ಕೊಡಬೇಕು ಅನ್ನೋದನ್ನೆಲ್ಲ ಅವರ ಜೊತೆ ಕೂತು ತೀರ್ಮಾನ ಮಾಡುತ್ತೇನೆ. ಅಲ್ಲಿ ಮೇಲಿಂದ ಮೇಲೆ ಬರುವ ಬೇಡಿಕೆ ಒಂದೇ: ‘ಫೀಲ್ಡ್‌ನಲ್ಲಿರುವವರೆಲ್ಲ ಎಲ್ಲಿದ್ದಾರೆ ಅಂತ ಮ್ಯಾಪ್‌ನಲ್ಲಿ ಕಾಣಬೇಕು.’ ಕಂಡು ಏನು ಮಾಡುತ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ. ಉತ್ತರ ಚಿಕ್ಕದೇ ಇರುತ್ತದೆ. ಗ್ರಾಹಕರ ಹತ್ತಿರ ಹೋದರೋ ಇಲ್ಲವೋ ಗೊತ್ತಾಗಬೇಕು. ಪ್ರಯಾಣ ಭತ್ಯೆ ಕೊಡಲು ಕಿಲೋಮೀಟರ್ ಲೆಕ್ಕ ಬೇಕು. ಹೊಸ ಕೆಲಸ ಬಂದರೆ ಹತ್ತಿರ ಯಾರಿದ್ದಾರೆ ಅಂತ ತಿಳಿಯಬೇಕು. ರಾತ್ರಿ ಒಬ್ಬರೇ ಕೆಲಸ ಮಾಡುವವರಿಗೆ ತೊಂದರೆಯಾದರೆ ನೆರವು ಕಳಿಸಬೇಕು.

ಇವೆಲ್ಲ ನ್ಯಾಯವಾದ ಅಗತ್ಯಗಳೇ. ಆದರೆ ಇದರಲ್ಲಿ ಯಾವುದಕ್ಕೂ ಒಬ್ಬ ಮನುಷ್ಯನ ಇಪ್ಪತ್ನಾಲ್ಕು ಗಂಟೆಯ ಓಡಾಟ ಬೇಕಿಲ್ಲ. ಕೇಳಿದ ಪ್ರಶ್ನೆಗೆ ಸಾಕಾಗುವಷ್ಟು ಮಾಹಿತಿ ಮಾತ್ರ ಕಂಪನಿಗೆ ಹೋಗಬೇಕು. ಉಳಿದದ್ದು ನೌಕರನ ಫೋನ್ ಬಿಟ್ಟು ಹೊರಗೆ ಬರಲೇಬಾರದು.

ಫೋನ್‌ಗೆ ತಾನು ಎಲ್ಲಿದ್ದೇನೆ ಅಂತ ತಿಳಿಯಲು ಹಲವು ದಾರಿಗಳಿವೆ. ಬಯಲಿನಲ್ಲಿ ಜಿಪಿಎಸ್ ಸುಮಾರು 5 ಮೀಟರ್‌ವರೆಗೂ ಸರಿಯಾಗಿ ಹೇಳುತ್ತದೆ. ಕಟ್ಟಡದೊಳಗೆ ಅಕ್ಕಪಕ್ಕದ ವೈಫೈಗಳನ್ನು ನೋಡಿ ಅಂದಾಜು ಮಾಡುತ್ತದೆ. ಬರೀ ಮೊಬೈಲ್ ಟವರ್ ಮಾತ್ರ ಸಿಕ್ಕರೆ ನೂರಾರು ಮೀಟರ್, ಕೆಲವೊಮ್ಮೆ ಕಿಲೋಮೀಟರ್‌ಗಟ್ಟಲೆ ಹೆಚ್ಚುಕಮ್ಮಿ ಆಗಬಹುದು. ಆ್ಯಪ್‌ಗೆ ಈ ಮಾಹಿತಿ ಸಿಗುವುದು ನೀವು ಕೊಟ್ಟ ಅನುಮತಿಯಿಂದ. ಆ ಅನುಮತಿಯಲ್ಲಿ ಮುಖ್ಯವಾಗಿ ಎರಡು ಬಗೆ ಇದೆ. ಆ್ಯಪ್ ಬಳಸುವಾಗ ಮಾತ್ರ ನೋಡುವುದು ಒಂದು, ಯಾವಾಗಲೂ ನೋಡುವುದು ಇನ್ನೊಂದು. ಆಂಡ್ರಾಯ್ಡ್‌ನಲ್ಲಿ ಈ ಆಯ್ಕೆ ಬಂದದ್ದು 2019ರ ಆಂಡ್ರಾಯ್ಡ್ 10ರಲ್ಲಿ. ಅಲ್ಲಿಯವರೆಗೆ ಕೊಟ್ಟರೆ ಪೂರ್ತಿ ಕೊಡಬೇಕಿತ್ತು, ಇಲ್ಲವೆಂದರೆ ಇಲ್ಲ. ಅದೇ ವರ್ಷದ ಐಒಎಸ್ 13ರಿಂದ ಐಫೋನ್ ಕೂಡ, ‘ಈ ಆ್ಯಪ್ ಹಿನ್ನೆಲೆಯಲ್ಲಿ ನಿಮ್ಮ ಲೊಕೇಶನ್ ನೋಡುತ್ತಿದೆ’ ಅಂತ ಮ್ಯಾಪ್ ಸಮೇತ ಆಗಾಗ ನೆನಪಿಸುತ್ತದೆ.

ಕಂಪನಿ ಏನೋ ಗುಟ್ಟಾಗಿ ಫೋನ್‌ನೊಳಗೆ ಕೂತು ಎಲ್ಲವನ್ನೂ ನೋಡುತ್ತಿದೆ ಅನ್ನುವ ಭಯ ಬಹಳ ಜನರಿಗಿದೆ. ಸ್ವಂತ ಫೋನ್‌ನ ಮಟ್ಟಿಗೆ ಈ ಭಯ ಸಾಮಾನ್ಯವಾಗಿ ತಪ್ಪು ಕಡೆ ಬೊಟ್ಟು ಮಾಡುತ್ತದೆ. ಫೋನ್‌ಗಳನ್ನು ದೂರದಿಂದಲೇ ನಿಭಾಯಿಸುವ ಕಂಪನಿಯ ವ್ಯವಸ್ಥೆಗೆ ಸೇರಿಸಿದ ಮಾತ್ರಕ್ಕೆ ನಿಮ್ಮ ಐಫೋನ್ ಲೊಕೇಶನ್ ಕೊಡುವುದಿಲ್ಲ. ಕಂಪನಿಯದ್ದೇ ಆದ, ಅದಕ್ಕೆಂದೇ ಸಿದ್ಧಪಡಿಸಿದ ಐಫೋನ್‌ನಲ್ಲೂ, ಫೋನ್ ಕಳೆದುಹೋಗಿದೆ ಅಂತ ಲಾಸ್ಟ್ ಮೋಡ್ ಹಾಕಿದಾಗ ಮಾತ್ರ ಆ ವ್ಯವಸ್ಥೆಗೆ ಲೊಕೇಶನ್ ಸಿಗುತ್ತದೆ. ಸ್ವಂತ ಆಂಡ್ರಾಯ್ಡ್ ಫೋನ್‌ನಲ್ಲಿ ಆಫೀಸ್ ಆ್ಯಪ್‌ಗಳನ್ನು ವರ್ಕ್ ಪ್ರೊಫೈಲ್ ಅಂತ ಬೇರೆಯಾಗಿ ಇಡಬಹುದು. ಸಂಜೆ ಅದನ್ನು ನಿಲ್ಲಿಸಿದರೆ ಒಳಗಿನ ಆ್ಯಪ್‌ಗಳೆಲ್ಲ ಸುಮ್ಮನಾಗುತ್ತವೆ. ನಿಜವಾದ ಸೋರಿಕೆ ಇರುವುದು ಸಾಮಾನ್ಯವಾಗಿ ಕಣ್ಣೆದುರಿಗೇ: ಹಾಜರಾತಿ ಆ್ಯಪ್, ಸೇಲ್ಸ್ ಆ್ಯಪ್, ಡೆಲಿವರಿ ಆ್ಯಪ್. ಕೆಲಸಕ್ಕೆ ಸೇರಿದ ದಿನ ಹತ್ತು ಕಾಗದಗಳಿಗೆ ಸಹಿ ಹಾಕುವ ಗಡಿಬಿಡಿಯಲ್ಲಿ ‘ಯಾವಾಗಲೂ’ ಅಂತ ಒತ್ತಿಬಿಟ್ಟಿರುತ್ತೇವೆ. ಆಮೇಲೆ ಅದನ್ನು ತೆರೆದು ನೋಡುವವರು ಕಡಿಮೆ.

‘ನಾನೇನು ತಪ್ಪು ಮಾಡ್ತಿಲ್ಲ, ನೋಡಿದರೆ ನೋಡ್ಲಿ ಬಿಡಿ’ ಅನ್ನುವವರಿದ್ದಾರೆ. ಅವರ ಹತ್ತಿರ ನಾನು ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ಲೊಕೇಶನ್ ಅಂದರೆ ಮ್ಯಾಪ್ ಮೇಲಿನ ಒಂದು ಚುಕ್ಕೆ ಅಂತ ನಮಗೆ ಅನಿಸುತ್ತದೆ. ಆದರೆ ಚುಕ್ಕೆಗಳು ಸೇರುತ್ತಾ ಹೋದಂತೆ ಅವು ಬೇರೆ ಕಥೆ ಹೇಳುತ್ತವೆ. ರಾತ್ರಿ ಫೋನ್ ಇರುವ ಜಾಗ ನಿಮ್ಮ ಮನೆ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಹೋಗುವ ಜಾಗ ಪ್ರಾರ್ಥನೆಯದ್ದಿರಬಹುದು, ಮನೋವೈದ್ಯರದ್ದಿರಬಹುದು. ಮಧ್ಯಾಹ್ನ ಅರ್ಧ ಗಂಟೆ ಬೇರೆ ಕಂಪನಿಯ ಕಟ್ಟಡದಲ್ಲಿದ್ದರೆ ಕೆಲಸ ಹುಡುಕುತ್ತಿದ್ದೀರಿ ಅಂತ ಊಹಿಸುತ್ತಾರೆ. ಗರ್ಭಿಣಿ ಅನ್ನೋದನ್ನು ಇನ್ನೂ ಮನೆಯವರಿಗೂ ಹೇಳಿರದ ನೌಕರಳ ಆಸ್ಪತ್ರೆ ಭೇಟಿ ಅವಳ ಬಾಸ್‌ಗೆ ಮೊದಲು ಗೊತ್ತಾಗಬಹುದು. ನಾಲ್ಕು ಜನ ನೌಕರರ ಫೋನ್‌ಗಳು ಭಾನುವಾರ ಒಂದೇ ಮನೆಯಲ್ಲಿದ್ದರೆ, ಸಂಘ ಕಟ್ಟುತ್ತಿದ್ದಾರಾ ಅನ್ನುವ ಅನುಮಾನ ಹುಟ್ಟಬಹುದು. ಇದರಲ್ಲಿ ಯಾವುದೂ ತಪ್ಪಲ್ಲ. ಆದರೆ ಸಂಬಳ ಕೊಡುವವರಿಗೆ ಗೊತ್ತಾದರೆ ಇದರಲ್ಲಿ ಪ್ರತಿಯೊಂದೂ ನೌಕರನ ಬದುಕಿಗೆ ಪೆಟ್ಟು ಕೊಡಬಲ್ಲದು.

ಹೆಸರು ತೆಗೆದುಬಿಟ್ಟು ಇಟ್ಟುಕೊಳ್ಳುತ್ತೇವೆ ಅನ್ನುವ ಭರವಸೆಯನ್ನೂ ಪೂರ್ತಿ ನಂಬಬೇಡಿ. 15 ಲಕ್ಷ ಜನರ 15 ತಿಂಗಳ ಮೊಬೈಲ್ ಓಡಾಟವನ್ನು ನೋಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಯಾವ ಹೊತ್ತಿಗೆ ಯಾವ ಜಾಗ ಅನ್ನುವ ಬರೀ ನಾಲ್ಕು ಸುಳಿವು ಸಿಕ್ಕರೆ ಸಾಕು, ಅವರಲ್ಲಿ ಶೇಕಡ 95ರಷ್ಟು ಜನರನ್ನು ಬೇರೆಯಾಗಿ ಗುರುತಿಸಬಹುದಿತ್ತು. ಅದೂ ಟವರ್ ಮಟ್ಟದ ಒರಟು ಮಾಹಿತಿಯಿಂದ.

ಕೋರ್ಟ್‌ಗೆ ಹೋದ ಜಗಳಗಳನ್ನು ನೋಡಿದರೆ ಗೆರೆ ಎಲ್ಲಿದೆ ಅಂತ ಚೆನ್ನಾಗಿ ಕಾಣುತ್ತದೆ. ಹಣ ವರ್ಗಾವಣೆ ಕಂಪನಿಯೊಂದರ ಸೇಲ್ಸ್ ಉದ್ಯೋಗಿ 2015ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ಕಂಪನಿ ಕೊಟ್ಟ ಆ್ಯಪ್ ಡ್ಯೂಟಿ ಇಲ್ಲದಾಗಲೂ ಟ್ರ್ಯಾಕ್ ಮಾಡುತ್ತಿತ್ತು, ತಾನು ಎಷ್ಟು ವೇಗದಲ್ಲಿ ಕಾರು ಓಡಿಸಿದೆ ಅಂತಲೂ ಬಾಸ್ ಹೇಳುತ್ತಿದ್ದರು, ಆ್ಯಪ್ ತೆಗೆದಿದ್ದಕ್ಕೆ ಕೆಲಸದಿಂದ ತೆಗೆದರು ಅನ್ನೋದು ಅವರ ದೂರು. ಕೆಲಸದ ಹೊತ್ತಿನಲ್ಲಿ ನೋಡುವುದಕ್ಕೆ ಅವರ ತಕರಾರು ಇರಲೇ ಇಲ್ಲ. ಪ್ರಕರಣ ರಾಜಿಯಲ್ಲಿ ಮುಗಿಯಿತು, ಹಾಗಾಗಿ ತೀರ್ಪು ಬರಲಿಲ್ಲ.

ಇದಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಪೋರ್ಚುಗಲ್‌ನ ಪ್ರಕರಣ. ಅಲ್ಲಿ ನೌಕರ ಸೋತರು. ಅವರು ಔಷಧ ಕಂಪನಿಯ ಪ್ರತಿನಿಧಿ. ಸ್ವಂತಕ್ಕೆ ಓಡಿಸಿದ ಕಿಲೋಮೀಟರ್‌ಗಳನ್ನು ಕಂಪನಿ ಕೆಲಸದ ಲೆಕ್ಕಕ್ಕೆ ಸೇರಿಸಿದ್ದು ಕಂಪನಿ ಕಾರಿನ ಜಿಪಿಎಸ್‌ನಿಂದ ಗೊತ್ತಾಗಿ ಕೆಲಸ ಹೋಯಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ನಾಲ್ಕು-ಮೂರರ ಬಹುಮತದಿಂದ, ಅವರ ಖಾಸಗಿತನದ ಹಕ್ಕಿಗೆ ಧಕ್ಕೆಯಾಗಿಲ್ಲ ಅಂದಿತು. ಮುಖ್ಯ ಕಾರಣ ಗಮನಿಸಿ: ಪೋರ್ಚುಗಲ್‌ನ ಮೇಲ್ಮನವಿ ಕೋರ್ಟ್ ಎಷ್ಟು ದೂರ ಹೋದರು ಅನ್ನುವ ಅಂಕಿಯನ್ನಷ್ಟೇ ಒಪ್ಪಿಕೊಂಡಿತ್ತು, ಎಲ್ಲಿಗೆ ಹೋದರು ಅನ್ನೋದನ್ನು ಬದಿಗಿಟ್ಟಿತ್ತು. ಕಿಲೋಮೀಟರ್ ಜಗಳಕ್ಕೆ ಕಿಲೋಮೀಟರ್ ಸಾಕು, ಅಲ್ವಾ?

ಗೆರೆ ದಾಟಿದವರಿಗೆ ದಂಡವೂ ಬಿದ್ದಿದೆ. ಇಟಲಿಯ ಖಾಸಗಿತನ ಪ್ರಾಧಿಕಾರ 2024ರಲ್ಲಿ ಗ್ಲೋವೋ ಗುಂಪಿನ ಡೆಲಿವರಿ ಕಂಪನಿ ಫುಡಿನ್ಹೋಗೆ 50 ಲಕ್ಷ ಯೂರೋ ದಂಡ ಹಾಕಿತು. ಸವಾರರು ಕೆಲಸದಲ್ಲಿ ಇಲ್ಲದಾಗಲೂ ಅವರ ಲೊಕೇಶನ್ ಹೋಗುತ್ತಿದ್ದದ್ದು ಕಂಡುಬಂದ ತಪ್ಪುಗಳಲ್ಲೊಂದು. ಫ್ರಾನ್ಸ್‌ನ ಪ್ರಾಧಿಕಾರದ ನಿಯಮ ಇನ್ನೂ ಸ್ಪಷ್ಟ. ಕಂಪನಿ ವಾಹನದ ಲೊಕೇಶನ್ ಅನ್ನು ಕೆಲಸದ ಹೊತ್ತಿನ ಆಚೆ ದಾಖಲಿಸುವಂತಿಲ್ಲ, ಅದನ್ನು ಆಫ್ ಮಾಡುವ ದಾರಿ ನೌಕರನಿಗೆ ಇರಬೇಕು, ಮಾಹಿತಿಯನ್ನು ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ನ್ಯೂಯಾರ್ಕ್‌ನಲ್ಲಿ ನೌಕರರ ಫೋನ್, ಇಮೇಲ್, ಇಂಟರ್ನೆಟ್ ಬಳಕೆಯ ಮೇಲೆ ನಿಗಾ ಇಡುವುದಿದ್ದರೆ ಸೇರುವಾಗಲೇ ಬರಹದಲ್ಲಿ ತಿಳಿಸಬೇಕು. ಇದು 2022ರಿಂದ ಕಡ್ಡಾಯ.

‘ನೌಕರರೇ ಒಪ್ಪಿದ್ದಾರೆ’ ಅನ್ನುವ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಒಪ್ಪದಿದ್ದರೆ ಕೆಲಸ ಇಲ್ಲ ಅಂತ ಗೊತ್ತಿರುವಾಗ ಒತ್ತಿದ ಬಟನ್‌ಗೆ ಒಪ್ಪಿಗೆ ಅಂತ ಹೆಸರಿಡುವುದು ಸರಿಯಲ್ಲ. ಯುರೋಪಿನ ನಿಯಮಗಳೂ ಇದನ್ನೇ ಹೇಳುತ್ತವೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾನೂನು ಉದ್ಯೋಗದ ಉದ್ದೇಶಗಳಿಗೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಜಾಗ ಕೊಟ್ಟಿದೆ. ಹಾಗಿರುವಾಗ ಎಷ್ಟು ತೆಗೆದುಕೊಳ್ಳಬೇಕು ಅನ್ನುವ ಮಿತಿಯನ್ನು ಕಂಪನಿಯೇ ಹಾಕಿಕೊಳ್ಳುವ ಅಗತ್ಯ ಇನ್ನೂ ಹೆಚ್ಚು.

ನಾನು ವ್ಯವಸ್ಥೆ ಮಾಡುವಾಗ ಹೀಗೆ ಕೇಳಿಕೊಳ್ಳುತ್ತೇನೆ. ಭೇಟಿ ಖಚಿತವಾಗಬೇಕಾ? ಗ್ರಾಹಕರ ಬಾಗಿಲಲ್ಲಿ ನೌಕರನೇ ಒಂದು ಬಟನ್ ಒತ್ತಲಿ, ಆ ಕ್ಷಣದ ಲೊಕೇಶನ್ ಸಾಕು. ಕಿಲೋಮೀಟರ್ ಬೇಕಾ? ಫೋನ್‌ನಲ್ಲೇ ಕೂಡಿಸಿ ದಿನದ ಮೊತ್ತ ಕಳಿಸಬಹುದು. ಹತ್ತಿರದವರನ್ನು ಹುಡುಕಬೇಕಾ? ಈ ಕ್ಷಣದ ಜಾಗ ಬೇಕು, ನಿನ್ನೆಯದ್ದು ಬೇಡ. ಸುರಕ್ಷತೆಗಾದರೆ ಆಪತ್ತಿನ ಬಟನ್ ಇಡಿ. ಡ್ಯೂಟಿ ಮುಗಿಸಿ ಚೆಕ್-ಔಟ್ ಮಾಡಿದರೆ ಟ್ರ್ಯಾಕಿಂಗ್ ತಾನಾಗಿ ನಿಲ್ಲಬೇಕು. ಮ್ಯಾಪ್ ತೆರೆದು ನೋಡಿದ ಮ್ಯಾನೇಜರ್ ಹೆಸರೂ ದಾಖಲಾಗಬೇಕು. ಈ ಕೊನೆಯದ್ದಕ್ಕೆ ವಿರೋಧ ಜಾಸ್ತಿ. ಆದರೆ ನನ್ನ ಅನುಭವದಲ್ಲಿ ಸುಮ್ನೆ ಕುತೂಹಲಕ್ಕೆ ಇಣುಕುವುದನ್ನು ನಿಲ್ಲಿಸುವುದು ಇದೇ.

ಮ್ಯಾಪ್‌ನ ಚುಕ್ಕೆ ನೋಡಿ ಸಂಬಳ ಕಡಿತ ಮಾಡುವುದಂತೂ ಅನ್ಯಾಯ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗಳಿಗೆ ಬಡಿದು ಬರುವುದರಿಂದ ಚುಕ್ಕೆ ಪಕ್ಕದ ಬೀದಿಗೆ ಹಾರುತ್ತದೆ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಇದ್ದರೆ ಆ್ಯಪ್ ಗಂಟೆಗಟ್ಟಲೆ ಮಲಗಿಬಿಡಬಹುದು. ಕೆಲಸದಲ್ಲೇ ಇದ್ದವರು ಗೈರುಹಾಜರಿ ಅಂತ ಕಾಣುತ್ತಾರೆ. ಮಾತಾಡಿ ತಿಳಿದುಕೊಳ್ಳದೆ ಯಾರ ಕೂಲಿಯನ್ನೂ ಮುಟ್ಟಬಾರದು.

ನೌಕರರು ಇವತ್ತೇ ಮಾಡಬಹುದಾದದ್ದು ಇದೆ. ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಅನುಮತಿಗಳ ಪಟ್ಟಿ ತೆರೆಯಿರಿ. ಕಂಪನಿಯ ಆ್ಯಪ್‌ಗೆ ‘ಯಾವಾಗಲೂ’ ಅಂತ ಇದ್ದರೆ, ಸದ್ದಿಲ್ಲದೆ ಅಳಿಸಿಹಾಕುವ ಮೊದಲು ಎಚ್‌ಆರ್‌ಗೆ ಬರಹದಲ್ಲಿ ಕೇಳಿ: ಇದು ಯಾವುದಕ್ಕೆ, ಯಾವ ಹೊತ್ತಿನಲ್ಲಿ, ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತೀರಿ? ಸಾಧ್ಯವಾದರೆ ಕೆಲವರು ಸೇರಿ ಒಟ್ಟಿಗೆ ಕೇಳಿ, ಆಗ ಒಬ್ಬರ ಮೇಲೆ ಕಣ್ಣು ಬೀಳುವುದಿಲ್ಲ. ಕೆಲಸ ಬಿಡುವಾಗ ಆ್ಯಪ್ ತೆಗೆದರೆ ಮುಗಿಯಿತು ಅಂದುಕೊಳ್ಳಬೇಡಿ. ಫೋನ್‌ನಿಂದ ಆ್ಯಪ್ ಹೋದರೂ ಕಂಪನಿಯ ಸರ್ವರ್‌ನಲ್ಲಿ ಹಳೆಯ ಓಡಾಟ ಹಾಗೇ ಉಳಿದಿರುತ್ತದೆ. ರಾಜೀನಾಮೆಯ ಲೆಕ್ಕ ಚುಕ್ತಾ ಮಾಡುವಾಗಲೇ ಅದನ್ನೂ ಅಳಿಸಿ ಅಂತ ಪತ್ರ ಕೊಟ್ಟು, ಅಳಿಸಿದ್ದೇವೆ ಅನ್ನುವ ಉತ್ತರ ತೆಗೆದುಕೊಳ್ಳಿ.