ಅದು ಬರೀ ಪಾರ್ಟ್ ಅಲ್ಲ, ಅದೇ ಬಂದೂಕು

"ಅಕ್ಕಾ, ಈ ಲೋವರ್ ರಿಸೀವರ್ ಬರೀ ಒಂದು ಅಲ್ಯೂಮಿನಿಯಂ ತುಂಡು. ಗನ್ ಅಲ್ಲವೇ ಅಲ್ಲ." ಅಮೆರಿಕದಲ್ಲಿ ಇಮಿಗ್ರೇಷನ್ ವಕೀಲಿಕೆ ಮಾಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರು ಕೆಟ್ಟವರಲ್ಲ. ಒಳ್ಳೆ ಕೆಲಸ, ಮನೆಯಲ್ಲಿ ಚಿಕ್ಕ ಮಗು, ವೀಕೆಂಡ್ ಬಂದರೆ ಏನಾದರೂ ಕೈಯಾರೆ ಜೋಡಿಸುವ ಆಸೆ. ನಮ್ಮ ಹುಡುಗರೇ.

ಎಆರ್-15 ರೈಫಲ್‌ನ ಕೆಳಭಾಗದ ಚೌಕಟ್ಟು ಲೋವರ್ ರಿಸೀವರ್. ಟ್ರಿಗರ್ ಕೂರುವುದು, ಮ್ಯಾಗಜೀನ್ ಸಿಕ್ಕಿಸುವುದು ಅಲ್ಲೇ. ನಳಿಕೆ ಇಲ್ಲ, ಅದರಿಂದ ಗುಂಡು ಹಾರುವುದಿಲ್ಲ. ಆದರೆ 1968ರ ಗನ್ ಕಂಟ್ರೋಲ್ ಕಾಯ್ದೆಯ ಪ್ರಕಾರ ಫ್ರೇಮ್ ಅಥವಾ ರಿಸೀವರ್ ಕೂಡ ಬಂದೂಕೇ. ಸೀರಿಯಲ್ ನಂಬರ್ ಇರುವುದೂ ಅದರ ಮೇಲೇ. ಅಂಗಡಿಯಲ್ಲಿ ಕೊಂಡರೆ, ಬಂದೂಕು ಕೊಳ್ಳುವವರು ತುಂಬುವ ಫೆಡರಲ್ ಫಾರ್ಮ್ 4473 ತುಂಬಲೇಬೇಕು. ಇನ್ನೊಂದು ಗಮನಿಸಿ. ಫೆಡರಲ್ ಕಾನೂನಿನಲ್ಲಿ ಡೀಲರ್ ಇಡೀ ರೈಫಲ್ ಅನ್ನು 18 ತುಂಬಿದವರಿಗೆ ಮಾರಬಹುದು, ಬರೀ ಲೋವರ್‌ಗೆ 21 ಆಗಿರಬೇಕು. ರೈಫಲ್ ಅನ್ನು ಬೇರೆ ರಾಜ್ಯದ ಡೀಲರ್ ಹತ್ತಿರವೂ ಕೊಳ್ಳಬಹುದು, ಲೋವರ್ ಅನ್ನು ನೀವು ವಾಸವಿರುವ ರಾಜ್ಯದಲ್ಲೇ ಕೊಳ್ಳಬೇಕು. "ಬರೀ ತುಂಡು" ಅನ್ನುವ ವಸ್ತುವಿಗೆ ನಿಯಮ ಜಾಸ್ತಿ ಬಿಗಿ!

"ಹಾಗಾದ್ರೆ ಪೂರ್ತಿ ಕೊರೆಯದೇ ಇರೋದು ತಗೋತೀನಿ, ಎಂಬತ್ತು ಪರ್ಸೆಂಟ್ ಲೋವರ್" ಅನ್ನುತ್ತಾರೆ. 2022ರ ಫೆಡರಲ್ ನಿಯಮ ಅಂಥ ಅರೆಬರೆ ತುಂಡುಗಳನ್ನೂ ಬಂದೂಕು ಜೋಡಿಸುವ ಕಿಟ್‌ಗಳನ್ನೂ ಕಾನೂನಿನೊಳಗೆ ತರಲು ಬಂತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಅದನ್ನು ಎತ್ತಿಹಿಡಿಯಿತು. ಅದರ ಮೇಲೆ ರಾಜ್ಯಗಳದ್ದು ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಮನೆಯಲ್ಲಿ ಬಂದೂಕು ಮಾಡುವ ಮುಂಚೆಯೇ ರಾಜ್ಯದಿಂದ ಸೀರಿಯಲ್ ನಂಬರ್ ಪಡೆಯಬೇಕಿತ್ತು, 2022ರಲ್ಲಿ ಇನ್ನೂ ಬಿಗಿ ಮಾಡಿದರು. ನ್ಯೂಜೆರ್ಸಿಯಲ್ಲಿ 2018ರಿಂದ, ನಂಬರ್ ಇಲ್ಲದ ಬಂದೂಕು ಮಾಡಲು ಭಾಗ ಕೊಳ್ಳುವುದೇ ಅಪರಾಧ. ನ್ಯೂಯಾರ್ಕ್ 2021ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ಟೆಕ್ಸಾಸ್‌ನಲ್ಲಿ ಅಂಥ ರಾಜ್ಯ ಕಾನೂನು ಇಲ್ಲ. ಅಂದರೆ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಗ್ಯಾರೇಜಿನಲ್ಲಿ ಸುಮ್ನೆ ಬಿದ್ದಿದ್ದ ತುಂಡು, ಕೆಲಸ ಬದಲಾಯಿಸಿ ನ್ಯೂಜೆರ್ಸಿಯ ಎಡಿಸನ್‌ಗೆ ಬಂದ ದಿನ ನಿಮ್ಮ ಮೇಲಿನ ಕೇಸಾಗಬಹುದು.

ನನ್ನ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಕೆಲಸದ ಎಚ್-1ಬಿ, ಅವರ ಕುಟುಂಬದ ಎಚ್-4, ವಿದ್ಯಾರ್ಥಿಗಳ ಎಫ್-1 ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಅದು ನಿಮಗೆ, ನಿಮ್ಮ ರಾಜ್ಯದಲ್ಲಿ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳದೆ ನಂಬಬೇಡಿ. ಗ್ರೀನ್ ಕಾರ್ಡ್ ಇದ್ದವರೂ ಕೇಳಿಸಿಕೊಳ್ಳಿ: ಗಡಿಪಾರಿನ ಕಲಂನಲ್ಲಿ "ಆಯುಧ, ಭಾಗ ಅಥವಾ ಪರಿಕರ" ಅಂತಲೇ ಬರೆದಿದೆ. ಭಾಗ! ಇಂಥದ್ದರಲ್ಲಿ ಒಂದು ಶಿಕ್ಷೆ ಆದರೂ ಹದಿನೈದು ವರ್ಷದ ಬದುಕು ಅಲುಗಾಡುತ್ತದೆ.

ಒಮ್ಮೆ ಕೊಡಗಿನ ಹುಡುಗನೊಬ್ಬ ಬಂದಿದ್ದ, ಎಚ್-1ಬಿ. ಫೋನಿನಲ್ಲಿ ಊರಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ಫೋಟೋ ತೋರಿಸಿದ. ಒರೆಸಿಟ್ಟ ಕೋವಿ, ನಳಿಕೆಗೆ ಸಿಕ್ಕಿಸಿದ ತೋಕ್ ಪೂವು ಎಂಬ ಹೂ, ಮುಂದೆ ದೀಪ. "ನಮ್ಮನೇಲಿ ಕೋವಿಗೆ ಲೈಸೆನ್ಸೇ ಬೇಡ, ಅಕ್ಕ." ನಿಜ, ಕೊಡವರಿಗೆ ಆ ವಿನಾಯಿತಿ ಇದೆ. ಆ ಫೋಟೋ ನೋಡಿ ನನಗೂ ಊರು ನೆನಪಾಯಿತು. ಆದರೆ ಇಲ್ಲಿ ಗ್ರೀನ್ ಕಾರ್ಡಿನ ಗೆಳೆಯನ ಹೆಸರಲ್ಲಿ ಲೋವರ್ ತರಿಸುವುದು ಅವನ ಯೋಚನೆ. ಬೇರೆಯವರಿಗಾಗಿ ಹಾಗೆ ಕೊಂಡರೆ 15 ವರ್ಷದವರೆಗೆ ಜೈಲು ಅಂದೆ. ಗೆಳೆಯನಿಗೆ ನನ್ನೆದುರೇ ಫೋನ್ ಮಾಡಿ ಬೇಡ ಅಂದ.

ಈಗಾಗಲೇ ಮನೆಯಲ್ಲಿದ್ದರೆ ಗಾಬರಿಯಿಂದ ಮಾರಬೇಡಿ, ಗೆಳೆಯರಿಗೆ ಕೊಡಬೇಡಿ, ಕಾರಿನಲ್ಲಿ ಹಾಕಿಕೊಂಡು ರಾಜ್ಯ ದಾಟಬೇಡಿ. ಮೊದಲು ವಕೀಲರಿಗೆ ಫೋನ್ ಮಾಡಿ. ಹೋಗುವಾಗ ಅದನ್ನು ಕೊಂಡ ರಸೀದಿ, ಐ-94 (ಅಮೆರಿಕ ಪ್ರವೇಶದ ದಾಖಲೆ), ಈಗಿನ ಮನೆ ವಿಳಾಸ ತೆಗೆದುಕೊಂಡು ಹೋಗಿ. ಆ ತುಂಡನ್ನು ಮಾತ್ರ ತರಬೇಡಿ.