ಬಜೆಟ್ ಆ್ಯಪ್ ಆರಿಸುವ ಮುನ್ನ ಒಂದು ಕಾರ್ಡ್ ಬಿಲ್ ಹಾಕಿ ನೋಡಿ

ಕ್ರೆಡಿಟ್ ಕಾರ್ಡ್ ಉಜ್ಜಿ 3,000ದ ದಿನಸಿ ತಂದಿರಿ. ಮುಂದಿನ ತಿಂಗಳು ಬ್ಯಾಂಕ್ ಖಾತೆಯಿಂದ ಅದೇ 3,000ದ ಕಾರ್ಡ್ ಬಿಲ್ ಕಟ್ಟಿದಿರಿ. ನಿಜಕ್ಕೂ ಖರ್ಚಾದದ್ದು ಮೂರೇ ಸಾವಿರ. ಆದರೂ ಬಜೆಟ್ ಆ್ಯಪ್ ಆರು ಸಾವಿರ ಎಂದು ತೋರಿಸಿಬಿಡಬಹುದು, ಎರಡೂ ಖಾತೆಗಳಲ್ಲಿ ಹಣ ಹೋದ ನಮೂದು ಇರುವುದರಿಂದ. ಬಿಲ್ ಕಟ್ಟುವುದು ಖರ್ಚಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾವಣೆ. ಹಾಗೆ ಗುರುತು ಹಾಕಲು ಅವಕಾಶವೇ ಇಲ್ಲದ ಆ್ಯಪ್ ಬೇಡ. ಅದರ ಚಾರ್ಟು ಎಷ್ಟೇ ಚೆಂದವಿರಲಿ, ತೋರಿಸುವುದು ತಪ್ಪು ಲೆಕ್ಕವನ್ನೇ. ಆಯ್ಕೆಗೆ ಮುನ್ನ ಕಳೆದ ತಿಂಗಳ ಒಂದು ಕಾರ್ಡ್ ಬಿಲ್, ಎಟಿಎಂನಿಂದ ತೆಗೆದ ನಗದು, ಒಂದು ರೀಫಂಡ್, ಈ ಮೂರನ್ನೂ ಹಾಕಿ ನೋಡಿ. ರೀಫಂಡ್ ಆದಾಯದ ಸಾಲಿಗೆ ಸೇರಬಾರದು, ಮೂಲ ಖರ್ಚಿನಲ್ಲೇ ಕಳೆಯಬೇಕು.

ಇನ್ನು ವಿಧಾನದ ಮಾತು. ಕೆಲವು ಆ್ಯಪ್‌ಗಳು ಆದ ಖರ್ಚನ್ನು ವಿಂಗಡಿಸಿ ತೋರಿಸುತ್ತವೆ, ಅಷ್ಟೇ. ವೈನ್ಯಾಬ್, ಗುಡ್‌ಬಜೆಟ್‌ನಂಥವು ಲಕೋಟೆ ಪದ್ಧತಿಯವು: ಸಂಬಳ ಬಂದೊಡನೆ ಬಾಡಿಗೆ, ಶಾಲೆ, ಔಷಧಿ ಎಂದು ಹಂಚಿಟ್ಟು, ಆಯಾ ಲಕೋಟೆಯಿಂದಲೇ ಖರ್ಚು ಮಾಡುವುದು. ತಿಂಗಳ ಕೊನೆಗೆ ಕೈ ಬರಿದಾಗುವ ಮನೆಗಳಿಗೆ ಲಕೋಟೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಉಳಿದ ಹಣ ಮುಂದಿನ ತಿಂಗಳಿಗೆ ಸಾಗುತ್ತದೆಯೇ ನೋಡಿಕೊಳ್ಳಿ. ವರ್ಷಕ್ಕೊಮ್ಮೆ 24,000ದ ವಿಮಾ ಕಂತಿದ್ದರೆ ತಿಂಗಳಿಗೆ 2,000 ಎತ್ತಿಡಬೇಕು. ಒಂದನೇ ತಾರೀಕು ಎಲ್ಲವನ್ನೂ ಸೊನ್ನೆಗೆ ತರುವ ಆ್ಯಪ್‌ನಲ್ಲಿ ಅದು ಕೂಡಿಬರುವುದೇ ಇಲ್ಲ.

ಬ್ಯಾಂಕ್ ಜೋಡಣೆ ಅನುಕೂಲವೇ. ಅನುಮತಿ ಓದುವುದಕ್ಕಷ್ಟೇ ಇರಲಿ, ಅದೂ ಬ್ಯಾಂಕಿನ ಸ್ವಂತ ಲಾಗಿನ್ ಪುಟದ ಮೂಲಕ. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡನ್ನು ಆ್ಯಪ್ ತಾನೇ ಕೇಳಿದರೆ ಕೊಡಬೇಡಿ.

ಮಿಂಟ್ ಎಂಬ ಬಹು ಜನಪ್ರಿಯ ಬಜೆಟ್ ಸೇವೆ 2024ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ಹಾಗಾದಾಗ ನಿಮಗೆ ಉಳಿಯುವುದು ಮೊದಲೇ ಇಳಿಸಿಟ್ಟುಕೊಂಡ, ನಮೂದುಗಳನ್ನು ಸಾಲುಸಾಲಾಗಿ ಬರೆದಿಟ್ಟ ಸಾದಾ ಕಡತ, ಅಂದರೆ ಸಿಎಸ್‌ವಿ ಫೈಲು. ಉಚಿತ ಅವಧಿಯಲ್ಲೇ ಒಮ್ಮೆ ಇಳಿಸಿ ಎಕ್ಸೆಲ್‌ನಲ್ಲಿ ತೆರೆಯಿರಿ: ದಿನಾಂಕ, ಮೊತ್ತ, ಖಾತೆ, ವರ್ಗ, ಟಿಪ್ಪಣಿ ಐದೂ ಇರಬೇಕು. 03/04 ಎಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂಬ ಗೊಂದಲ ಹುಟ್ಟುವುದೂ ಇಲ್ಲೇ. 12 ದಾಟಿದ ತಾರೀಕಿನ ಸಾಲೊಂದನ್ನು ನೋಡಿದರೆ ಕ್ರಮ ತಿಳಿಯುತ್ತದೆ.

ಯಾವುದನ್ನೇ ಆರಿಸಿ, ವಾರಕ್ಕೊಮ್ಮೆ ಆ್ಯಪ್‌ನ ಶಿಲ್ಕನ್ನು ಬ್ಯಾಂಕಿನ ಶಿಲ್ಕಿನೊಂದಿಗೆ ತಾಳೆ ನೋಡಿ. ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾದರೆ ಅಂಕಿಗಳು ಅದಲುಬದಲಾಗಿವೆಯೇ ಎಂದು ಮೊದಲು ಹುಡುಕಿ; 540 ಹೋಗಿ 450 ಆಗಿರಬಹುದು. ಅದಲ್ಲವಾದರೆ ವ್ಯತ್ಯಾಸದ ಅರ್ಧ ಮೊತ್ತದ ನಮೂದು ಇದೆಯೇ ನೋಡಿ. ಬಂದ ಹಣವನ್ನು ಹೋದದ್ದೆಂದು ಬರೆದಿದ್ದರೆ ಅಲ್ಲಿ ಸಿಗುತ್ತದೆ.