ಮೂಗಿಗೊಂದು ಜರಡಿ: ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ

ಕಳೆದ ಜನವರಿಯಲ್ಲಿ ಒಬ್ಬ ಹೆಂಗಸು ನನ್ನ ಕ್ಲಿನಿಕ್‌ಗೆ ಬಂದಿದ್ದರು. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ತೋಟದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ಬೀಜ ಆರಿಸುವ ಕೆಲಸ. ವಯಸ್ಸು 40ರ ಆಸುಪಾಸು. ಕೂತವರೇ ಒಂದರ ಹಿಂದೊಂದು ಏಳೆಂಟು ಸಲ ಸೀನಿದರು. ಸೆರಗಿನಲ್ಲಿ ಮೂಗು ಒರೆಸಿಕೊಂಡು, ಬ್ಯಾಗಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಬೆಂಗಳೂರಿನಲ್ಲಿರುವ ಮಗ ಆನ್‌ಲೈನ್‌ನಲ್ಲಿ ತರಿಸಿಕೊಟ್ಟಿದ್ದಂತೆ. ಒಳಗಿದ್ದದ್ದು ಹೊಳ್ಳೆಗೆ ಸಿಕ್ಕಿಸಿಕೊಳ್ಳುವ ಫಿಲ್ಟರ್. ಎರಡು ಚಿಕ್ಕ ಬಳೆ, ಬಳೆಯೊಳಗೆ ಬಿಳೀ ಬಲೆ, ಎರಡನ್ನೂ ಸೇರಿಸುವ ಒಂದು ತೆಳು ಕಡ್ಡಿ.

"ಇದನ್ನ ಹಾಕ್ಕೊಂಡ್ರೆ ಮಾಸ್ಕ್ ಬೇಡ್ವಂತೆ. ಹೌದಾ ಡಾಕ್ಟ್ರೇ?"

"ಹಾಕ್ಕೊಂಡು ನೋಡಿದ್ರೇನಮ್ಮ?"

"ನೋಡ್ದೆ. ಬಲಗಡೇದು ನಿಲ್ಲೋದೇ ಇಲ್ಲ."

ಥುಡಿಕಮ್ ಹಾಕಿ ನೋಡಿದೆ. ಥುಡಿಕಮ್ ಅಂದರೆ ಹೊಳ್ಳೆಯನ್ನು ಅಗಲಿಸಿ ಹಿಡಿಯುವ, ಚಿಮಟದಂಥ ಉಪಕರಣ. ಮೂಗಿನ ಡಾಕ್ಟರ ಮೇಜಿನ ಮೇಲೆ ಯಾವಾಗಲೂ ಇರುತ್ತದೆ. ಬಲಗಡೆ ಮೂಗುಬೊಟ್ಟು. ಅದರ ತಿರುಪಿನ ಬಾಲ ಒಳಗಡೆ ಅರ್ಧ ಸೆಂಟಿಮೀಟರ್ ಚಾಚಿಕೊಂಡಿತ್ತು. ಫಿಲ್ಟರಿನ ಬಲೆ ಅದಕ್ಕೇ ಸಿಕ್ಕಿ ಹರಿದಿತ್ತು. ಅದನ್ನು ತಯಾರು ಮಾಡಿದವರು ಮೂಗುಬೊಟ್ಟಿರುವ ಮೂಗನ್ನು ಒಮ್ಮೆಯೂ ಒಳಗಿನಿಂದ ನೋಡಿರಲಿಕ್ಕಿಲ್ಲ.

ಈ ಪ್ರಶ್ನೆ ಈಗೀಗ ವಾರಕ್ಕೊಮ್ಮೆಯಾದರೂ ಬರುತ್ತದೆ. ಕೋವಿಡ್ ಕಾಲದಲ್ಲಿ ಮಾಸ್ಕ್ ಹಾಕಿ ಹಾಕಿ ಜನಕ್ಕೆ ಸಾಕಾಗಿಹೋಗಿದೆ. ಕನ್ನಡಕಕ್ಕೆ ಹಬೆ ಕೂರುತ್ತೆ, ಎಲೆಅಡಿಕೆ ಹಾಕೋಕಾಗಲ್ಲ, ಪಕ್ಕದವಳ ಜೊತೆ ಮಾತಾಡೋಕಾಗಲ್ಲ. ಕಾಣದ ಹಾಗೆ ಮೂಗಿನೊಳಗೇ ಕೂತು ಕೆಲಸ ಮಾಡುವ ಫಿಲ್ಟರ್ ಅಂದರೆ ಯಾರಿಗೆ ಬೇಡ? ಆದರೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಹಾಗಿಲ್ಲ. ಎಂಥ ಧೂಳು, ಎಂಥ ಕೆಲಸ, ಎಂಥ ಮೂಗು ಅಂತ ಕೇಳಬೇಕಾಗುತ್ತದೆ.

ಮೂಗೇ ಒಂದು ಫಿಲ್ಟರ್ ಅಲ್ವಾ? ನಾವು ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಹೊಳ್ಳೆಯ ಬಾಯಲ್ಲಿರುವ ಕೂದಲು ದೊಡ್ಡ ಕಸವನ್ನಷ್ಟೇ ತಡೆಯುತ್ತದೆ. ಅಸಲಿ ಕೆಲಸ ಇನ್ನೂ ಒಳಗೆ. ಅಲ್ಲಿ ದಾರಿ ನೇರ ಇಲ್ಲ, ಚಾರ್ಮಾಡಿ ಘಾಟಿಯ ಹಾಗೆ ಬರೀ ತಿರುವು. ಲೋಡ್ ಲಾರಿ ಜೋರಾಗಿ ಬಂದರೆ ತಿರುವಿನಲ್ಲಿ ತಿರುಗಲಾಗದೆ ತಡೆಗೋಡೆಗೆ ಗುದ್ದುತ್ತದಲ್ಲ, ಹಾಗೆ ಭಾರದ ಕಣ ಗಾಳಿಯ ಜೊತೆ ತಿರುಗಲಾರದೆ ಗೋಡೆಗೆ ಬಡಿದು ಸಿಂಬಳಕ್ಕೆ ಅಂಟಿಕೊಳ್ಳುತ್ತದೆ. ಆ ಸಿಂಬಳವೂ ನಿಂತ ನೀರಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಅದನ್ನು ಗಂಟಲ ಕಡೆಗೆ ತಳ್ಳುತ್ತಲೇ ಇರುತ್ತವೆ. ಅವು ಸರಿಯಾಗಿ ಕೆಲಸ ಮಾಡುತ್ತಿವೆಯೇ ಅಂತ ನೋಡಲು ನಮ್ಮಲ್ಲೊಂದು ಹಳೇ ಉಪಾಯವಿದೆ. ಸ್ಯಾಕರಿನ್‌ನ ಒಂದು ಚೂರನ್ನು ಮೂಗಿನ ಮುಂಭಾಗದಲ್ಲಿಟ್ಟು ಗಡಿಯಾರ ನೋಡುತ್ತಾ ಕೂರುವುದು. ಸರಿಯಿರುವ ಮೂಗಾದರೆ 20 ನಿಮಿಷದೊಳಗೆ ಗಂಟಲಿಗೆ ಸಿಹಿ ತಿಳಿಯುತ್ತದೆ. ಬೀಡಿ ಸೇದುವವರಿಗೆ ತಡ.

10 ಮೈಕ್ರಾನ್‌ಗಿಂತ ದಪ್ಪ ಕಣಗಳಲ್ಲಿ ಹೆಚ್ಚಿನವು ಹೀಗೆ ಮೂಗಲ್ಲೇ ನಿಲ್ಲುತ್ತವೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಅಂದಾಜು ಸಿಗಬಹುದು. 2.5 ಮೈಕ್ರಾನ್‌ಗಿಂತ ಸಣ್ಣವು, ಅಂದರೆ ಹೊಗೆ, ಡೀಸೆಲ್ ಮಸಿ ಇಂಥವು, ಎಲ್ಲ ತಿರುವುಗಳನ್ನೂ ದಾಟಿ ಶ್ವಾಸಕೋಶದ ತಳಕ್ಕೆ ಹೋಗುತ್ತವೆ. ಸೀನು ಬರಿಸುವುದು ಹೆಚ್ಚಾಗಿ ಮೂಗಲ್ಲಿ ನಿಂತ ದಪ್ಪ ಕಣ. ಎದೆ ಕೆಡಿಸುವುದು ಸದ್ದಿಲ್ಲದೆ ಒಳಗೆ ಹೋದ ಸಣ್ಣ ಕಣ. ಸೀನು ನಿಂತಿತು ಅಂದ ಮಾತ್ರಕ್ಕೆ ಎದೆಯೂ ಚೆನ್ನಾಗಿದೆ ಅಂದುಕೊಳ್ಳಬಾರದು.

ಈಗ ಫಿಲ್ಟರಿಗೆ ಬರೋಣ. ನಮ್ಮೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕಾಫಿಪುಡಿಯನ್ನು ತೀರಾ ನುಣ್ಣಗೆ ಮಾಡಿಸಿ ಫಿಲ್ಟರಿಗೆ ಹಾಕಿದರೆ ಏನಾಗುತ್ತದೆ? ಡಿಕಾಕ್ಷನ್ ಇಳಿಯುವುದೇ ಇಲ್ಲ. ದಾರಿ ಸಣ್ಣದಾದಷ್ಟೂ ಹರಿಯುವುದು ಕಷ್ಟ. ಒಂದು ಎನ್-95 ಮಾಸ್ಕಿನ ಬಟ್ಟೆ ಎರಡು ಅಂಗೈ ಅಗಲವಾದರೂ ಇರುತ್ತದೆ. ಉಸಿರು ಅಷ್ಟೂ ಜಾಗದಲ್ಲಿ ಹಂಚಿಹೋಗಿ ನಿಧಾನವಾಗಿ ಒಳಬರುತ್ತದೆ. ಅದಕ್ಕೇ ಅಷ್ಟು ದಟ್ಟ ಬಟ್ಟೆಯಿದ್ದರೂ ಉಸಿರಾಡಬಹುದು. ಮೂಗಿನ ಫಿಲ್ಟರಿಗೆ ಇರುವ ಜಾಗ ಎರಡು ಹುಣಸೆಬೀಜದಷ್ಟು. ಅದೇ ಉಸಿರು ಅಷ್ಟರಲ್ಲೇ ನುಗ್ಗಬೇಕು. ಅಷ್ಟು ಚಿಕ್ಕ ಜಾಗಕ್ಕೆ ಎನ್-95ರ ಬಟ್ಟೆ ಹಾಕಿದರೆ ಯಾರೂ ಐದು ನಿಮಿಷ ತಡೆಯಲ್ಲ. ಡಿಕಾಕ್ಷನ್‌ಗೆ ಅರ್ಧ ಗಂಟೆ ಕಾಯಬಹುದು, ಉಸಿರಿಗೆ ಕಾಯೋಕಾಗುತ್ತಾ? ಹಾಗಾಗಿ ಬಲೆಯನ್ನು ಸಡಿಲ ಮಾಡಲೇಬೇಕು. ಸಡಿಲ ಮಾಡಿದ ಮೇಲೆ ಪರಾಗ, ಹೊಟ್ಟು, ದಪ್ಪ ಧೂಳು ನಿಲ್ಲುತ್ತವೆ. ಸಣ್ಣ ಕಣಗಳಲ್ಲಿ ಬಹಳಷ್ಟು ದಾಟುತ್ತವೆ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಈ ಲೆಕ್ಕದಿಂದ ತಪ್ಪಿಸಿಕೊಳ್ಳುವುದು ಕಷ್ಟ. ಎನ್-95 ಅನ್ನುವುದು ಸುಮ್ನೆ ಇಟ್ಟ ಹೆಸರಲ್ಲ. ಹಿಡಿಯಲು ತೀರಾ ಕಷ್ಟವಾದ, ಸುಮಾರು 0.3 ಮೈಕ್ರಾನ್‌ನ ಕಣಗಳನ್ನು ನಿಮಿಷಕ್ಕೆ 85 ಲೀಟರ್ ಗಾಳಿಯ ಜೊತೆ ಹಾಯಿಸಿ, ನೂರಕ್ಕೆ 95 ಆದರೂ ನಿಲ್ಲಬೇಕು ಅನ್ನುವ ಪರೀಕ್ಷೆ ಅದು. ಮೂಗಿನ ಫಿಲ್ಟರಿನ ಡಬ್ಬಿಯ ಮೇಲೂ ನೂರಕ್ಕೆ ಇಷ್ಟು ಅಂತ ಬರೆದಿರುತ್ತಾರೆ. ಎಷ್ಟು ದಪ್ಪದ ಕಣದಲ್ಲಿ ನೂರಕ್ಕೆ ಇಷ್ಟು ಅಂತ ಕೇಳಿ. ಪರಾಗದಲ್ಲೋ, ಹೊಗೆಯಲ್ಲೋ?

ಹಾಗಂತ ಇದು ಬರೀ ಮೋಸ ಅಂತ ನಾನು ಹೇಳುತ್ತಿಲ್ಲ. ಡೆನ್ಮಾರ್ಕ್‌ನ ಆರ್ಹೂಸ್‌ನಲ್ಲಿ ಹುಲ್ಲಿನ ಪರಾಗದ ಅಲರ್ಜಿ ಇರುವವರನ್ನು ಪಾರ್ಕಿನಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ದಾರೆ. ಒಂದು ದಿನ ಬಲೆಯಿರುವ ಫಿಲ್ಟರ್, ಇನ್ನೊಂದು ದಿನ ಅವರಿಗೇ ನೋಡಲು ಹಾಗೇ ಇರುವ, ಬಲೆಯಿಲ್ಲದ ಖಾಲಿ ಚೌಕಟ್ಟು. ಬಲೆ ಇದ್ದ ದಿನ ಸೀನು, ಮೂಗು ಸೋರುವುದು ಕಮ್ಮಿ ಇತ್ತು. ನಮ್ಮಲ್ಲೂ 2017ರಲ್ಲಿ ದೆಹಲಿ ಐಐಟಿಯ ಹುಡುಗರು ಕಟ್ಟಿದ ಕಂಪನಿ ಹೊಳ್ಳೆಯ ಹೊರಗೆ ಅಂಟಿಸುವ, ನ್ಯಾನೋ ಎಳೆಗಳ ಫಿಲ್ಟರನ್ನು 10 ರೂಪಾಯಿಗೆ ತಂದಿತು. ಯೋಚನೆ ಒಳ್ಳೆಯದೇ. ಯಾರ ಮೂಗಿಗೆ ಅನ್ನುವುದೇ ಪ್ರಶ್ನೆ.

ಕ್ಯೂರಿಂಗ್ ವರ್ಕ್ಸ್‌ನ ಒಳಗೇ ನೋಡಿ. ತೋಟದಿಂದ ಬಂದ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ, ಹೊಟ್ಟಿರುವ ಬೀಜ), ಚೆರ್ರಿ (ಇಡೀ ಹಣ್ಣನ್ನೇ ಒಣಗಿಸಿದ್ದು) ಸಿಪ್ಪೆ ಬಿಡಿಸುವ ಹಲ್ಲಿಂಗ್ ಮೆಷಿನ್ನಿಗೆ ಬೀಳುತ್ತದೆ. ಹೊಟ್ಟು ಹಾರುತ್ತದೆ. ಮೂಟೆ ಹೊರುವ ಹಮಾಲಿ ಅಲ್ಲಿ ಓಡಾಡುತ್ತಾನೆ. ಬೆನ್ನ ಮೇಲೆ ಐವತ್ತು ಅರವತ್ತು ಕೆಜಿ ಇದ್ದಾಗ ನಿಮಿಷಕ್ಕೆ ಬೇಕಾಗುವ ಗಾಳಿ 35-40 ಲೀಟರ್ ದಾಟುತ್ತದೆ. ಅಷ್ಟಾದ ಮೇಲೆ ಮೂಗು ಸಾಲುವುದಿಲ್ಲ, ಬಾಯಿ ತಾನಾಗಿಯೇ ತೆರೆಯುತ್ತದೆ. ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಅವನಿಗೆ ಮೂಗಿನ ಫಿಲ್ಟರ್ ಕೊಡುವುದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅವನಿಗೆ ಬೇಕಾದ್ದು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಅದಕ್ಕಿಂತ ಮೊದಲು ಮೆಷಿನ್ನಿನ ಬಾಯಲ್ಲೇ ಧೂಳು ಎಳೆದುಕೊಳ್ಳುವ ಫ್ಯಾನು. ಧೂಳು ಹುಟ್ಟುವ ಕಡೆ ತಡೆಯದೆ ಕೆಲಸಗಾರನ ಮೂಗಿಗೆ ಜವಾಬ್ದಾರಿ ಹೊರಿಸುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಅದೇ ಕಟ್ಟಡದ ಇನ್ನೊಂದು ಕಡೆ ಹೆಂಗಸರು ಕೂತು ಬೀಜ ಆರಿಸುತ್ತಾರೆ. ಕರಿಬೀಜ, ಒಡೆದ ಬೀಜ, ಹುಳ ಕೊರೆದದ್ದು ಬೇರೆ ಬೇರೆ. ಕೂತ ಕೆಲಸ, ನಿಧಾನ ಉಸಿರು, ಬಾಯಿ ಮುಚ್ಚಿರುತ್ತದೆ (ಮಾತಾಡದಿದ್ದರೆ). ಮೂಗಿನ ಫಿಲ್ಟರಿಗೆ ಹೇಳಿ ಮಾಡಿಸಿದ ಜಾಗ ಯಾವುದಾದರೂ ಇದ್ದರೆ ಅದು ಇದೇ. ಆದರೆ ಒಂದು ಎಚ್ಚರ. ಹುರಿದ ಕಾಫಿಪುಡಿ ಅಷ್ಟಾಗಿ ತೊಂದರೆ ಕೊಡಲ್ಲ, ಹುರಿಯದ ಬೀಜದ ಧೂಳು ಕೆಲವರಿಗೆ ಅಲರ್ಜಿ, ಆಸ್ತಮಾ ತರುತ್ತದೆ. ಮೊದಲು ಹರಳು (ಔಡಲ ಬೀಜ) ತುಂಬಿದ್ದ ಗೋಣಿಚೀಲದಲ್ಲಿ ಕಾಫಿ ತುಂಬಿದರೆ ಹರಳಿನ ಧೂಳೂ ಸೇರಿ ಇನ್ನೂ ಕೆಟ್ಟದ್ದು. ಅದಕ್ಕೇ ವರ್ಕ್ಸ್‌ನಿಂದ ಬಂದವರಿಗೆಲ್ಲ ನಾನು ತಪ್ಪದೆ ಕೇಳುವ ಪ್ರಶ್ನೆ: "ಭಾನುವಾರ ಹೇಗಿರುತ್ತೆ?" ರಜೆ ದಿನ ಹಗುರವಾಗಿ, ಸೋಮವಾರ ಮತ್ತೆ ಶುರುವಾದರೆ ಕಾರಣ ಕೆಲಸದ ಜಾಗದಲ್ಲೇ ಇದೆ. ಜೊತೆಗೆ ಎದೆಯಲ್ಲಿ ಸುಯ್ ಅನ್ನುವ ಸದ್ದು ಇದ್ದರೆ ಮೂಗಿನ ಫಿಲ್ಟರಿನ ಮಾತೇ ಎತ್ತಬಾರದು. ಮೊದಲು ಎದೆಯ ಪರೀಕ್ಷೆ.

ನಮ್ಮದು ಒಂದೇ ಜಿಲ್ಲೆಯಾದರೂ ಮೂಗು ಎರಡು ಥರ. ಕಡೂರು, ಬೀರೂರು ಕಡೆಯಿಂದ ಬರುವವರಿಗೆ ರಾಗಿ ಒಕ್ಕಣೆಯ ಹೊಟ್ಟು, ಮಣ್ಣಿನ ಧೂಳು, ಪಾರ್ಥೇನಿಯಂ. ಪಾರ್ಥೇನಿಯಂ ಪರಾಗ 15-20 ಮೈಕ್ರಾನ್ ಇರುತ್ತದೆ, ಸಡಿಲ ಬಲೆಯಲ್ಲೂ ಸಿಕ್ಕಿಬೀಳುತ್ತದೆ. ಅಂಥವರು ಹೊಲದ ಬದುವಿನಲ್ಲಿ ಎರಡು ಗಂಟೆ ಓಡಾಡುವಾಗ ಫಿಲ್ಟರ್ ಹಾಕಿಕೊಂಡರೆ ಲಾಭವಿದೆ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರ ಕಥೆ ಬೇರೆ. ಆರು ತಿಂಗಳು ಥಂಡಿ, ಗೋಡೆಗೆ ಬೂಷ್ಟು, ಹಾಸಿಗೆಯಲ್ಲಿ ಧೂಳುಹುಳ. ಆ ಹುಳದ ಹಿಕ್ಕೆಯೇ ಅಲರ್ಜಿ. ಅದು ಗಾಳಿಯಲ್ಲಿ ಸದಾ ತೇಲುವುದಿಲ್ಲ, ಹಾಸಿಗೆ ಕೊಡವಿದಾಗ ಏಳುತ್ತದೆ. ಕಂಬಳಿಯನ್ನು ಬಿಸಿಲಿಗೆ ಹಾಕುವುದು, ದಿಂಬಿನ ಕವರ್ ಬಿಸಿನೀರಲ್ಲಿ ಒಗೆಯುವುದು, ಅಟ್ಟ ಗುಡಿಸುವಾಗ ಮಾಸ್ಕ್ ಹಾಕುವುದು ಜಾಸ್ತಿ ಕೆಲಸಕ್ಕೆ ಬರುತ್ತವೆ. ರಾತ್ರಿ ಫಿಲ್ಟರ್ ಹಾಕಿಕೊಂಡು ಮಲಗಿ ಅಂತ ನಾನು ಯಾರಿಗೂ ಹೇಳಲ್ಲ.

ಇನ್ನು ತೋಟಕ್ಕೆ ಔಷಧಿ, ಕಳೆನಾಶಕ ಹೊಡೆಯುವವರು. ದಯವಿಟ್ಟು ಮೂಗಿನ ಫಿಲ್ಟರ್ ನಂಬಿ ಹೋಗಬೇಡಿ. ಆವಿಗೆ ಬಲೆ ಲೆಕ್ಕಕ್ಕಿಲ್ಲ. ವಾಸನೆ ಬರುತ್ತಿದೆ ಅಂದರೆ ಆವಿ ಒಳಗೆ ಬರುತ್ತಿದೆ ಅಂತಲೇ ಅರ್ಥ.

ಇನ್ನೊಂದು ಕಷ್ಟವನ್ನು ಜಾಹೀರಾತಿನವರು ಹೇಳುವುದಿಲ್ಲ. ಹೊರಗೆ ಬಿಡುವ ಉಸಿರಲ್ಲಿ ನೀರಿನ ಪಸೆ ಇರುತ್ತದೆ. ಅದಕ್ಕೆ ಸೋರುವ ಮೂಗೂ ಸೇರಿದರೆ ಬಲೆ ಅರ್ಧ ಗಂಟೆಯಲ್ಲಿ ಒದ್ದೆ. ಒದ್ದೆ ಬಲೆ ಅಂದರೆ ಮುಚ್ಚಿದ ಬಾಗಿಲು. ಯಾರಿಗೆ ತುಂಬಾ ಬೇಕೋ ಅವರಿಗೇ ಹಾಕಿಕೊಳ್ಳಲು ಆಗುವುದಿಲ್ಲ! ಅದಕ್ಕೇ ಮೊದಲು ಮೂಗು ಒಣಗಿಸುವ ಚಿಕಿತ್ಸೆ ಬೇಕು. ಎರಡು ಹೊಳ್ಳೆಗಳ ನಡುಗೋಡೆ ಸೊಟ್ಟ ಇದ್ದವರಿಗೆ ಒಂದು ಕಡೆ ಮೊದಲೇ ಗಾಳಿ ಕಮ್ಮಿ. ಪದೇ ಪದೇ ರಕ್ತ ಬರುವವರಿಗೆ ಬಳೆಯ ಅಂಚು ತಾಗಿ ಮತ್ತೆ ರಕ್ತ. ಇವರಿಬ್ಬರಿಗೂ ಬೇಡ.

ಮಕ್ಕಳಿಗೂ ಬೇಡ. ಯಾಕೆ ಅನ್ನುವುದಕ್ಕೆ ಒಬ್ಬ ದೊಡ್ಡವರ ಕಥೆಯೇ ಸಾಕು. ಆಲ್ದೂರು ಕಡೆಯ ತೋಟವೊಂದರ ರೈಟರ್ (ಲೆಕ್ಕಪತ್ರ ನೋಡಿಕೊಳ್ಳುವವರು) ಬಂದಿದ್ದರು. ಮೂರು ವಾರದಿಂದ ಎಡಗಡೆ ಹೊಳ್ಳೆಯಿಂದ ಮಾತ್ರ ಕೀವಿನಂಥ ಸಿಂಬಳ, ತಡೆಯಲಾಗದ ನಾತ. ಸೈನಸ್ ಅಂತ ಎರಡು ಸಲ ಮಾತ್ರೆ ನುಂಗಿ ಆಗಿತ್ತು. ಒಂದೇ ಹೊಳ್ಳೆ, ಅದರಲ್ಲೂ ನಾತ ಅಂದರೆ ಒಳಗೆ ಏನೋ ಕೂತಿದೆ ಅಂತಲೇ ನಾವು ಮೊದಲು ಅಂದುಕೊಳ್ಳುವುದು. ಕೀವು ಎಳೆದು ನೋಡಿದರೆ ಬೂದುಬಣ್ಣದ ಒಂದು ಚೂರು. ಚಿಮಟಕ್ಕೆ ಸಿಕ್ಕಿದ್ದು ಸ್ಪಂಜು. "ಅಯ್ಯೋ, ಅದು ಬಿದ್ದೋಯ್ತು ಅಂದ್ಕೊಂಡಿದ್ದೆ ಸಾರ್" ಅಂದರು. ಕಡ್ಡಿಯಿಲ್ಲದ, ಸುಮ್ನೆ ತುರುಕಿಕೊಳ್ಳುವ ಸ್ಪಂಜಿನ ಫಿಲ್ಟರ್ ಅದು. ಸೀನಿಗೆ ಮುಂಚೆ ಜೋರಾಗಿ ಉಸಿರು ಎಳೆದುಕೊಂಡಾಗ ಹಿಂದಕ್ಕೆ ಸರಿದುಹೋಗಿತ್ತು. ಹಾಗಾಗಿ ಕೊಳ್ಳುವುದೇ ಆದರೆ ಎರಡು ಬಳೆಯನ್ನೂ ಸೇರಿಸುವ ಕಡ್ಡಿ ಇರುವುದನ್ನೇ ಕೊಳ್ಳಿ. ಒದ್ದೆಯಾದಾಗ ಎಸೆಯಿರಿ. ಒಗೆದು ಮತ್ತೆ ಹಾಕಿಕೊಳ್ಳುವುದು ಬೇಡ. ಮನೆಯವರೆಲ್ಲ ಒಂದನ್ನೇ ಹಂಚಿಕೊಳ್ಳುವುದಂತೂ ಬೇಡವೇ ಬೇಡ. ಹಂಚಿಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಬರೆದೆ.

ಮೂಗಿನ ಮೇಲೆ ಅಡ್ಡಡ್ಡ ಅಂಟಿಸುವ ಪಟ್ಟಿಯನ್ನೂ ಜನ ಫಿಲ್ಟರ್ ಅಂದುಕೊಂಡಿದ್ದಾರೆ. ಅದು ಹೊಳ್ಳೆಯನ್ನು ಅಗಲಿಸುತ್ತದೆ ಅಷ್ಟೇ. ಒಂದು ಕಣವನ್ನೂ ತಡೆಯುವುದಿಲ್ಲ.

ಮತ್ತೆ ಆ ಹೆಂಗಸಿನ ವಿಷಯ. ಭಾನುವಾರ ಹಗುರ ಅಂದರು. ಎದೆ ಕೇಳಿ ನೋಡಿದೆ, ಸದ್ದಿರಲಿಲ್ಲ. ಕೆಲಸ ಬದಲಾಯಿಸೋಕೆ ಆಗುತ್ತಾ ಅಂತ ಕೇಳಿದ್ದಕ್ಕೆ, "ಶೀತ ಆಯ್ತು ಅಂತ ಮೂಗು ಕೊಯ್ಕೊಳಕ್ಕಾಗುತ್ತಾ ಡಾಕ್ಟ್ರೇ?" ಅಂತ ನಕ್ಕರು. ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಕೊಟ್ಟೆ. ಬಲಗೈಯಲ್ಲಿ ಹಿಡಿದು ಎಡ ಹೊಳ್ಳೆಗೆ, ಎಡಗೈಯಲ್ಲಿ ಹಿಡಿದು ಬಲ ಹೊಳ್ಳೆಗೆ ಹೊಡೆಯಬೇಕು ಅಂತ ಹಾಕಿ ತೋರಿಸಿದೆ. ಆಗ ಔಷಧಿ ನಡುಗೋಡೆಗೆ ಬೀಳದೆ ಹೊರಗೋಡೆಗೆ ಬೀಳುತ್ತದೆ. ಪರಿಣಾಮ ಪೂರ್ತಿ ಕಾಣಲು ಒಂದೆರಡು ವಾರ ಬೇಕು, ಎರಡು ದಿನಕ್ಕೆ ಬಿಡಬೇಡಿ ಅಂದೆ. ಸಂಜೆ ಕೆಲಸ ಮುಗಿಸಿ ಬಂದ ಮೇಲೆ ಕುದಿಸಿ ಆರಿಸಿದ ಉಪ್ಪುನೀರಲ್ಲಿ ಮೂಗು ತೊಳೆಯುವುದನ್ನೂ ಹೇಳಿಕೊಟ್ಟೆ. ಸೋರುವುದು ನಿಂತ ಮೇಲೆ ಫಿಲ್ಟರ್ ಹಾಕಿ ನೋಡಿ, ಗೋಣಿ ಕೊಡವುವ ಕಡೆ ಹೋಗುವಾಗ ಮಾಸ್ಕೇ ಹಾಕಿ ಅಂದೆ.

"ಸರಿ. ಆದ್ರೆ ಮೂಗುಬೊಟ್ಟು ತೆಗಿ ಅನ್ಬೇಡಿ ಮತ್ತೆ."

ಅನ್ನಲಿಲ್ಲ. ಮಾರ್ಚ್‌ನಲ್ಲಿ ಮತ್ತೆ ಬಂದಾಗ ಸೀನು ಇರಲಿಲ್ಲ. ಥುಡಿಕಮ್ ಹಾಕಿ ನೋಡಿದೆ. ಬಲಗಡೆ ಒಳಗೆ ತಿರುಪಿನ ಬಾಲವೇ ಕಾಣಲಿಲ್ಲ. ಮೂಗುಬೊಟ್ಟು ಮಾತ್ರ ಹೊರಗೆ ಹಾಗೇ ಹೊಳೆಯುತ್ತಿತ್ತು. ಪೇಟೆಯ ಅಕ್ಕಸಾಲಿಯ ಹತ್ತಿರ ಹೋಗಿ ಬಾಲವನ್ನು ಕತ್ತರಿಸಿ, ಅರ ಹಾಕಿಸಿ ನುಣ್ಣಗೆ ಮಾಡಿಸಿಕೊಂಡಿದ್ದರು. ಐವತ್ತು ರೂಪಾಯಿ ಕೇಳಿದನಂತೆ, ಇವರು ಮೂವತ್ತು ಕೊಟ್ಟು ಬಂದಿದ್ದರು.